ವಾರಾನ್ನ, ನಾದಾರಿ, ವಿದ್ಯಾರ್ಥಿವೇತನ

ರಾಜ್ಯೋತ್ಸವದ ಸಂಚಿಕೆಯಲ್ಲಿ ಕದಂಬರನ್ನೂ ಚಾಲುಕ್ಯರನ್ನೂ ವಿಜಯನಗರದ ಅರಸರನ್ನೂ ನೆನೆಯುವುದು ನಮ್ಮಲ್ಲಿ ವಾಡಿಕೆ. ಆ ಹೊಣೆಯನ್ನು ವಿದ್ವಾಂಸರಿಗೆ ಬಿಟ್ಟು, ಬ್ಯಾಂಕಿನಲ್ಲಿ ಗುಮಾಸ್ತನಾಗಿರುವ ನಾನು ಬೇರೊಂದು ಬಗೆಯ ಚರಿತ್ರೆಯನ್ನು ವಾಚಕ ಮಹಾಶಯರ ಮುಂದಿಡಲು ಬಯಸುತ್ತೇನೆ. ಬಡವರ ಮನೆಯ ಮಕ್ಕಳು ಯಾರ ಹಣದಿಂದ ಓದಿದರು, ಯಾವ ಕರಾರಿನ ಮೇಲೆ ಓದಿದರು ಎಂಬುದೇ ಆ ಚರಿತ್ರೆ. ನಾನು ಇತಿಹಾಸಕಾರನಲ್ಲ, ಬಿ.ಕಾಂ. ಓದಿದವನು. ಆದರೂ ಈ ವಿಷಯಕ್ಕೆ ಕೈಹಾಕಲು ನನಗೊಂದು ಕಾರಣವಿದೆ.

ನಮ್ಮ ತಂದೆಯವರು ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ಹೋಟೆಲೊಂದರಲ್ಲಿ ಅಡುಗೆಯ ಕೆಲಸಕ್ಕೆ ನಿಂತವರು. ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ಓದಿದ ನನಗೆ ಔಷಧಶಾಸ್ತ್ರ ಕಲಿಯಬೇಕೆಂಬ ಹಂಬಲವಿತ್ತು. ಫೀಜಿಗೆ ಹಣವಿರಲಿಲ್ಲ. ಒಂದು ಧರ್ಮನಿಧಿಯ ಅರ್ಜಿಯ ನಮೂನೆಯನ್ನು ಶಾಲೆಯ ಮಾಸ್ತರರೇ ತಂದುಕೊಟ್ಟರು. ಅದಕ್ಕೆ ತಂದೆಯವರ ಸಂಬಳದ ಚೀಟಿಯನ್ನೂ ವರಮಾನದ ದಾಖಲೆಯನ್ನೂ ಲಗತ್ತಿಸಬೇಕಿತ್ತು. "ನಾವು ಬಡವರೆಂದು ಧಣಿಗಳ ಕೈಯಿಂದ ಮೊಹರು ಹಾಕಿಸಿಕೊಂಡು ಬರಬೇಕಾ ಮಗಾ?" ಎಂದು ಅಪ್ಪ ಸುಮ್ಮನಾದರು. ನಾನೂ ಒತ್ತಾಯ ಮಾಡಲಿಲ್ಲ. ಕೊನೆಯ ದಿನಾಂಕ ಕಳೆದುಹೋಯಿತು. ಬೆಳಗಿನ ಕಾಲೇಜಿನಲ್ಲಿ ವಾಣಿಜ್ಯ ಓದಿ, ಹಗಲು ಅಂಗಡಿಯಲ್ಲಿ ದುಡಿದು, ಮುಂದೆ ಬ್ಯಾಂಕಿನ ಪರೀಕ್ಷೆ ಕಟ್ಟಿದೆ. ಈ ಬದುಕಿನ ಬಗ್ಗೆ ನನಗೆ ದೂರೇನೂ ಇಲ್ಲ. ಆದರೆ ಅಂದು ಅಪ್ಪ ನಾಚಿಕೊಂಡದ್ದು ಸರಿಯೇ ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಅದಕ್ಕೆ ಉತ್ತರ ಹುಡುಕುತ್ತ ಹಳೆಯ ಸಂಗತಿಗಳನ್ನು ಓದತೊಡಗಿದೆ.

ನಮ್ಮ ನಾಡಿನಲ್ಲಿ ಹಿಂದೆ ಬಡ ವಿದ್ಯಾರ್ಥಿಗೆ ಇದ್ದ ಆಸರೆ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನ ಏಳು ಮನೆಗಳಲ್ಲಿ ಉಂಡು ಓದಿದವರ ಕಥೆಗಳು ನಮ್ಮ ಅನೇಕ ಹಿರಿಯರ ಜೀವನಚರಿತ್ರೆಗಳಲ್ಲಿವೆ. ಈ ಅನ್ನ ದೊಡ್ಡದು, ನಿಜ. ಆದರೆ ಬಹುಮಟ್ಟಿಗೆ ಅದು ಕೆಲವೇ ಜಾತಿಗಳ ಹುಡುಗರಿಗೆ ದೊರೆಯುತ್ತಿದ್ದಂಥದು. ಹೆಣ್ಣುಮಕ್ಕಳಿಗಂತೂ ಅದರ ಮಾತೇ ಇರಲಿಲ್ಲ. ಮುಂದೆ ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದಾಗ ಸಾವಿರಾರು ಹಳ್ಳಿಯ ಹುಡುಗರಿಗೆ ಓದುವ ದಾರಿ ಆಯಿತು. ಮುಂಬಯಿ ಪ್ರಾಂತದ ಶಾಲೆಗಳಲ್ಲಿ ಬಡವರಿಗೆ ಫೀಜಿನ ಮಾಫಿಯೂ ಇತ್ತು. ಅದರ ಹೆಸರು ನಾದಾರಿ. ಪಾರಸಿಯಿಂದ ಬಂದ ಈ ಮಾತಿಗೆ ಏನೂ ಇಲ್ಲದಿರುವಿಕೆ ಎಂದು ಅರ್ಥ. ಹೆಸರಿನಲ್ಲಿಯೇ ಇಂಥ ಚುಚ್ಚು ಇದ್ದ ಮೇಲೆ ಮಾನಸ್ಥರು ಹಿಂಜರಿದದ್ದರಲ್ಲಿ ಆಶ್ಚರ್ಯವೇನು?

ಹಿಂಜರಿಯದೆ ನೆರವು ಪಡೆದು ದೊಡ್ಡವರಾದವರೂ ಇದ್ದಾರೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನಲ್ಲಿ ಕೊಡಗಿನ ಒಂದು ಮನೆತನದ ಮಕ್ಕಳಿಗೆ ಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರಕಾರದ ವಿದ್ಯಾರ್ಥಿವೇತನ ದೊರೆತದ್ದರಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ಉತ್ತೀರ್ಣರಾದರು. ನಮ್ಮಂತೆಯೇ ಊರು ಬಿಟ್ಟು ಈ ಸೀಮೆಗೆ ಬಂದ ಕನ್ನಡದ ಹುಡುಗ ಅವರು. ಆ ವೇತನವನ್ನು ಅವರು ಬೇಡವೆಂದಿದ್ದರೆ ಕನ್ನಂಬಾಡಿಯ ಕಥೆ ಏನಾಗುತ್ತಿತ್ತೋ! ಅವರು ದಿವಾನರಾಗಿದ್ದಾಗ 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತೆಂಬುದನ್ನು ಬ್ಯಾಂಕಿನವನಾದ ನಾನು ನೆನೆಯದಿರಲಾರೆ.

ಇನ್ನು ನಾವು ನೆಲೆಸಿರುವ ನಗರದ ಕಡೆಗೆ ನೋಡೋಣ. ಮುಂಬಯಿಯ ವೈದ್ಯ ವಿದ್ಯೆಯೇ ದಾನದ ಹಣದಿಂದ ಬೆಳೆದದ್ದು. ಗ್ರಾಂಟ್ ಮೆಡಿಕಲ್ ಕಾಲೇಜು 1845ರಲ್ಲಿ ಆರಂಭವಾಯಿತು. ಅದಕ್ಕೆ ಹೊಂದಿಕೊಂಡ ಆಸ್ಪತ್ರೆಗೆ ಜಮಶೇಟಜಿ ಜೀಜೀಭಾಯಿಯವರು ಆ ಕಾಲದಲ್ಲಿ ಒಂದು ಲಕ್ಷ ರೂಪಾಯಿ ಕೊಟ್ಟರು. 1883ರಲ್ಲಿ ಆ ಕಾಲೇಜಿನ ಬಾಗಿಲು ಹೆಣ್ಣುಮಕ್ಕಳಿಗೂ ತೆರೆಯಿತು. 1885ರಲ್ಲಿ ಸ್ಥಾಪನೆಯಾದ ಲೇಡಿ ಡಫರಿನ್ ನಿಧಿ ವೈದ್ಯ ಓದುವ ಸ್ತ್ರೀಯರಿಗೆ ವಿದ್ಯಾರ್ಥಿವೇತನ ಕೊಡುವುದನ್ನು ತನ್ನ ಉದ್ದೇಶಗಳಲ್ಲೊಂದಾಗಿ ಇರಿಸಿಕೊಂಡಿತು. 1926ರಲ್ಲಿ ಪರೇಲಿನಲ್ಲಿ ಸೇಠ್ ಗೋರ್ಧನದಾಸ ಸುಂದರದಾಸರ ಹೆಸರಿನ ಕಾಲೇಜು ತೆರೆದಾಗ, ದಾನಿಗಳು ಹಾಕಿದ ಕರಾರು ಪ್ರಸಿದ್ಧವಾದದ್ದು: ಕಲಿಸುವವರೆಲ್ಲರೂ ಭಾರತೀಯರೇ ಆಗಿರಬೇಕು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು 1956ರವರೆಗೆ ಮುಂಬಯಿಯ ಆಡಳಿತದಲ್ಲಿದ್ದವು; ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1957ರಲ್ಲಿ. ಅಲ್ಲಿಯವರೆಗೆ ಆ ಕಡೆಯ ಹುಡುಗನಿಗೆ ಡಾಕ್ಟರಾಗುವ ಆಸೆ ಹುಟ್ಟಿದರೆ ಮುಂಬಯಿಯ ದಾರಿ ಎದುರಿಗೆ ಬರುತ್ತಿತ್ತು.

ಈ ನಗರದ ಧರ್ಮನಿಧಿಗಳಲ್ಲಿ ಜಮಶೇಟಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ನಿಧಿಗೆ ವಿಶೇಷ ಸ್ಥಾನವಿದೆ. ಅದು ಮೊದಲ ಪದವಿಗೆಂದು ಇಟ್ಟದ್ದಲ್ಲ, ಹೊರದೇಶದಲ್ಲಿ ಉನ್ನತ ವ್ಯಾಸಂಗ ಮಾಡುವವರಿಗೆ ಇಟ್ಟದ್ದು. ಮೊದಲು ಪಾರಸಿಗಳಿಗೆ ಮಾತ್ರವಿದ್ದು, 1894ರಿಂದ ಎಲ್ಲ ಭಾರತೀಯರಿಗೂ ತೆರೆಯಿತು. ಮೊದಮೊದಲ ಫಲಾನುಭವಿಗಳಲ್ಲಿ ಫ್ರೇನಿ ಕಾಮಾ ಎಂಬ ವೈದ್ಯೆಯೂ ಇದ್ದರು. ಟಾಟಾ ಅವರು ಹಣವನ್ನು ದಾನವಾಗಿ ಕೊಡಲಿಲ್ಲ, ಸಾಲವಾಗಿ ಕೊಟ್ಟರು. ಓದು ಮುಗಿದು ಸಂಪಾದನೆ ಹತ್ತಿದ ಮೇಲೆ ವಿದ್ಯಾರ್ಥಿ ಅದನ್ನು ಹಿಂದಿರುಗಿಸಬೇಕು. ಹಾಗೆ ಬಂದ ಹಣ ಮುಂದಿನ ವಿದ್ಯಾರ್ಥಿಗೆ ಸಲ್ಲಬೇಕು. ನಮ್ಮ ತುಮಕೂರಿನ ರಾಜಾ ರಾಮಣ್ಣನವರು ಟಾಟಾ ವಿದ್ಯಾರ್ಥಿವೇತನದಿಂದಲೇ ಲಂಡನ್ನಿನಲ್ಲಿ ಭೌತಶಾಸ್ತ್ರ ಓದಿದರು. ಕೇರಳದ ಒಂದು ಬಡ ದಲಿತ ಕುಟುಂಬದಿಂದ ಬಂದ ಕೆ. ಆರ್. ನಾರಾಯಣನ್ ಅವರೂ ಅದೇ ನೆರವಿನಿಂದ ಲಂಡನ್ನಿಗೆ ಹೋಗಿ ಓದಿ, 1997ರಲ್ಲಿ ರಾಷ್ಟ್ರಪತಿಗಳಾದರು. ಸಾಲ ತೀರಿಸುವವನು ಭಿಕ್ಷುಕನಲ್ಲ. ಈ ಮಾತನ್ನು ಅಪ್ಪನಿಗೆ ಹೇಳಲು ಅಂದು ನನಗೆ ತಿಳಿದಿರಲಿಲ್ಲ.

ವೇತನ ಪಡೆಯುವವನು ಕರಾರನ್ನು ಓದಿಕೊಳ್ಳಬೇಕೆಂಬುದಕ್ಕೂ ಚರಿತ್ರೆಯಲ್ಲಿ ನಿದರ್ಶನವಿದೆ. 1913ರಲ್ಲಿ ಡಾ. ಅಂಬೇಡ್ಕರರು ಅಮೆರಿಕೆಗೆ ಹೋದದ್ದು ಬರೋಡದ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಕೊಟ್ಟ ವೇತನದಿಂದ. ಅದಕ್ಕೆ ಪ್ರತಿಯಾಗಿ ಹತ್ತು ವರ್ಷ ಬರೋಡದಲ್ಲಿ ಸೇವೆ ಸಲ್ಲಿಸುವುದಾಗಿ ಅವರು ಒಪ್ಪಂದಕ್ಕೆ ಸಹಿ ಹಾಕಿದ್ದರು. ಹಿಂದಿರುಗಿ ಬಂದಾಗ ಆ ಊರಿನಲ್ಲಿ ಅವರಿಗೆ ಇಳಿದುಕೊಳ್ಳಲು ಒಂದು ಕೋಣೆಯೂ ಮರ್ಯಾದೆಯಿಂದ ದೊರೆಯಲಿಲ್ಲವೆಂಬುದು ಎಲ್ಲರಿಗೂ ತಿಳಿದ ಸಂಗತಿ. 1944ರಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಭಾರತ ಸರಕಾರ ಆರಂಭಿಸಿದಾಗ, ಅರಸರ ಕೃಪೆಯಿಂದ ಬರುತ್ತಿದ್ದುದು ಸರಕಾರದ ಹೊಣೆಯಾಗತೊಡಗಿತು.

ಕನ್ನಡಿಗ ದಾನಿಗಳೂ ಹಿಂದೆ ಬಿದ್ದವರಲ್ಲ. 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಉಯಿಲು ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸೊಸೈಟಿ 1963ರಲ್ಲಿ ವೈದ್ಯಕೀಯ ಕಾಲೇಜನ್ನೇ ತೆರೆಯಿತು. ಅದಕ್ಕೂ ಮೊದಲೇ, 1953ರಲ್ಲಿ, ಡಾ. ಟಿ. ಎಂ. ಎ. ಪೈಯವರು ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿಸಿದ್ದರು. ಅವರೇ ಕಟ್ಟಿ ಬೆಳೆಸಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಕೂಡಿಸಿತು. ಎಷ್ಟು ಮನೆಗಳಲ್ಲಿ ಮಗನ ಫೀಜು, ಮಗಳ ಪುಸ್ತಕ ಆ ಎರಡಾಣೆಗಳಿಂದ ಬಂದಿರಬೇಕು! ಮುಂಬಯಿಯಲ್ಲಿಯೇ 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ ಹುಟ್ಟಿದವು. ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರು ಸಂಜೆ ಕನ್ನಡದ ರಾತ್ರಿಶಾಲೆಗಳ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಮುಗಿಸಿದರು. ಇದು ನಮ್ಮ ಹಿರಿಯರ ಪರಾಕ್ರಮ.

ಈ ಚರಿತ್ರೆಯಿಂದ ನಾನು ಕಲಿತದ್ದು ಇಷ್ಟು. ವಿದ್ಯಾರ್ಥಿವೇತನವೆಂಬುದು ಒಬ್ಬರಿಂದ ಪಡೆದು ಇನ್ನೊಬ್ಬರಿಗೆ ತೀರಿಸಬೇಕಾದ ಋಣ. ಅದನ್ನು ಕೇಳುವುದರಲ್ಲಿ ಅವಮಾನವಿಲ್ಲ. ಪಡೆದು ಮರೆಯುವುದರಲ್ಲಿ ಇದೆ.

ಕೇಳುವುದಕ್ಕೂ ಒಂದು ಕ್ರಮವಿದೆ. ಹೊರನಾಡಿನ ನಮ್ಮ ಮಕ್ಕಳಿಗೆ ಒಂದು ವಿಶೇಷ ತೊಡಕುಂಟು. ಕರ್ನಾಟಕದ ಸರಕಾರಿ ನೆರವಿಗೆ ಅಲ್ಲಿ ಇಷ್ಟು ವರ್ಷ ಓದಿರಬೇಕೆನ್ನುತ್ತಾರೆ. ಇಲ್ಲಿಯ ನೆರವಿಗೆ ಇಲ್ಲಿಯ ವಾಸ್ತವ್ಯದ ದಾಖಲೆ ಕೇಳುತ್ತಾರೆ. ಎರಡನ್ನೂ ವೇಳೆಗೆ ಸರಿಯಾಗಿ ಸಿದ್ಧಪಡಿಸದ ಮನೆಗೆ ಅತ್ತ ದರಿ, ಇತ್ತ ಪುಲಿ. ಆದ್ದರಿಂದ ಹತ್ತನೆಯ ತರಗತಿ ಮುಗಿದೊಡನೆ ವಾಸ್ತವ್ಯದ ದಾಖಲೆ ಮಾಡಿಸಿಡಬೇಕು. ವರಮಾನದ ದಾಖಲೆಗೆ ತಹಶೀಲ್ದಾರ ಕಚೇರಿಯಲ್ಲಿ ದಿನಗಳು ಹಿಡಿಯುತ್ತವೆ. ಫಲಿತಾಂಶ ಬರುವವರೆಗೆ ಕಾಯಬಾರದು. ಅಂಕಪಟ್ಟಿ, ಕಾಲೇಜು ಸೇರಿದ ಪತ್ರ, ಫೀಜಿನ ವಿವರ, ವಿದ್ಯಾರ್ಥಿಯ ಹೆಸರಿನ ಬ್ಯಾಂಕ್ ಖಾತೆ, ಇವು ಒಂದೇ ಕಡತದಲ್ಲಿರಲಿ. ಎಲ್ಲ ಕಾಗದಗಳಲ್ಲಿಯೂ ಹೆಸರಿನ ಅಕ್ಷರ ಒಂದೇ ರೀತಿ ಇರಲಿ. ಊರಿನ ಹೆಸರು, ಮನೆತನದ ಹೆಸರು ಹಿಂದುಮುಂದಾದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಒಂದೇ ನಿಧಿಯನ್ನು ನಂಬಿ ಕೂರದೆ ನಾಲ್ಕಾರು ಕಡೆ ಬರೆಯಬೇಕು. ಒಂದು ಕಡೆ ದೊರೆತರೆ ಇನ್ನೊಂದು ಕಡೆ ತಿಳಿಸಬೇಕು. ದಾನವೇ, ಸಾಲವೇ, ಸೇವೆಯ ಕರಾರುಂಟೇ ಎಂದು ಮೊದಲೇ ಕೇಳಬೇಕು. ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಷಿಪ್. ಮೊದಲ ವರ್ಷದ ಹಣ ಬಂತೆಂದು ಹಿಗ್ಗದೆ, ವರ್ಷವರ್ಷವೂ ನವೀಕರಣಕ್ಕೆ ಏನು ಬೇಕೆಂದು ತಿಳಿದಿರಬೇಕು. ಸಂದರ್ಶನದಲ್ಲಿ ಬಡತನವನ್ನು ಬಣ್ಣಿಸಬೇಕಾಗಿಲ್ಲ, ಮುಚ್ಚಿಡಲೂ ಬೇಕಾಗಿಲ್ಲ. ತಂದೆ ಏನು ದುಡಿಯುತ್ತಾರೆ, ಮನೆಯಲ್ಲಿ ಎಷ್ಟು ಜನ, ಎಷ್ಟು ಹಣ ಕಡಿಮೆ ಬೀಳುತ್ತದೆ ಎಂಬ ಲೆಕ್ಕವನ್ನು ನೆಟ್ಟಗೆ ಹೇಳಿದರೆ ಸಾಕು. ಲೆಕ್ಕ ಹೇಳುವುದರಲ್ಲಿ ನಾಚಿಕೆಯೇನೂ ಇಲ್ಲವೆಂದು ದಿನವೂ ಲೆಕ್ಕ ನೋಡುವ ನಾನು ಬಲ್ಲೆ.

ನಮ್ಮ ಚಾಳಿನಲ್ಲಿ ಒಂದು ಕನ್ನಡ ಮನೆಯ ಹುಡುಗಿಗೆ ವೈದ್ಯಕೀಯ ಸೀಟು ಸಿಕ್ಕಿದ್ದು ಈಚಿನ ಮಾತು. ಅವಳ ತಾಯಿ ಅರ್ಜಿಯ ಕಾಗದಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದರು. ಈಗ ವಯಸ್ಸಾಗಿ ಮನೆಯಲ್ಲಿಯೇ ಇರುವ ನಮ್ಮ ತಂದೆಯವರು ಕನ್ನಡಕ ಹಾಕಿಕೊಂಡು ಆ ಕಾಗದಗಳನ್ನು ಒಂದೊಂದಾಗಿ ನೋಡಿದರು. "ವರಮಾನದ ಚೀಟಿ ಇನ್ನೂ ಮಾಡಿಸಲಿಲ್ಲವಾ ತಂಗಿ? ತಡ ಮಾಡಬೇಡಿ. ನಾಳೆಯೇ ಹೋಗಿ, ಇವನೂ ಬರುತ್ತಾನೆ," ಎಂದರು. ನನ್ನ ಕಡೆ ನೋಡಲಿಲ್ಲ. ನಾನು ಮರುದಿನ ಅರ್ಧ ದಿನದ ರಜೆ ಹಾಕಿ ಅವರೊಂದಿಗೆ ಹೋಗಿಬಂದೆ.

ನಮ್ಮ ಸಂಘದ ಕಾರ್ಯಕಾರಿ ಸಮಿತಿಗೆ ನನ್ನದೊಂದು ವಿನಂತಿ. ಪ್ರತಿವರ್ಷ ಮೇ, ಜೂನ್ ತಿಂಗಳ ಭಾನುವಾರಗಳಲ್ಲಿ ಸಂಘದ ಕೋಣೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ ಹಾಕಿಸಿರಿ. ಅರ್ಜಿ ತುಂಬಲು ಬರುವ ಮಕ್ಕಳಿಗೂ ತಂದೆತಾಯಿಗಳಿಗೂ ನೆರವಾಗಲು ಬ್ಯಾಂಕು, ಶಾಲೆ, ಕಚೇರಿಗಳಲ್ಲಿ ದುಡಿಯುವ ನಮ್ಮಂಥವರು ಸರದಿಯ ಮೇಲೆ ಬಂದು ಕೂರುತ್ತೇವೆ. ಮೊದಲ ಭಾನುವಾರಕ್ಕೆ ನನ್ನ ಹೆಸರನ್ನು ಬರೆದುಕೊಳ್ಳಬೇಕಾಗಿ ಪ್ರಾರ್ಥನೆ.