ಗಾಡಿಯವನ ಪೆಟ್ಟಿಗೆ

ತೋವಿನಕೆರೆಯಿಂದ ತುಮಕೂರಿನ ಕಡೆಗೆ ಬೆಳಗಿನ ಜಾವ ಹೊರಡುವ ಪಿಕಪ್ ಗಾಡಿಗಳ ಬದಿಯನ್ನು ಗಮನಿಸಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ, ಬಾಡಿಯ ಅಡಿಯಲ್ಲಿ, ಬೀಗ ಜಡಿದ ಒಂದು ಕಬ್ಬಿಣದ ಪೆಟ್ಟಿಗೆ ಕಾಣುತ್ತದೆ. ಕೆಲವರದು ಬಾಡಿಯ ಒಳಗೇ ಇರುತ್ತದೆ, ಕ್ಯಾಬಿನ್ನಿನ ಬೆನ್ನಿಗೆ ಒರಗಿ, ಈ ಡೋರಿನಿಂದ ಆ ಡೋರಿನವರೆಗೆ ಅಡ್ಡಕ್ಕೆ. ಇವು ಕಂಪನಿಯಿಂದ ಬಂದವಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ರಸ್ತೆಬದಿಯ ವೆಲ್ಡಿಂಗ್ ಅಂಗಡಿಗಳಲ್ಲಿ ಕೂರಿಸಿದವು. ನಾನೂ ಆ ಕೆಲಸದವನೇ. ನಮ್ಮ ತಾತ ಎತ್ತಿನ ಗಾಡಿ ಕಟ್ಟುತ್ತಿದ್ದರು, ನಮ್ಮಪ್ಪ ಲಾರಿ ಬಾಡಿ ಕಟ್ಟುವ ಕಡೆ ದುಡಿದರು, ನಾನು ಊರಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟೆ. ಮೂರು ತಲೆಮಾರು ಮಾಡಿದ ಕೆಲಸ ಒಂದೇ: ಊರಿನ ಸರಕು ಹೊರುವ ಗಾಡಿಯಲ್ಲಿ ಅದನ್ನು ಹೊಡೆಯುವವನ ಸಾಮಾನಿಗೂ ಒಂದು ಜಾಗ ಮಾಡಿಕೊಡುವುದು. ಸಾಗಾಣಿಕೆಯ ಚರಿತ್ರೆ ಬರೆದವರು ಎಷ್ಟು ಪಲ್ಲ ರಾಗಿ ಹೋಯಿತು, ಎಷ್ಟು ಮೂಟೆ ಹುಣಸೆಹಣ್ಣು ಬಂತು ಎಂದು ಬರೆದಿದ್ದಾರೆ. ಹೊತ್ತೊಯ್ದವನು ತನ್ನ ಬುತ್ತಿ, ಕಂಬಳಿ, ಹಗ್ಗವನ್ನು ಎಲ್ಲಿಟ್ಟುಕೊಂಡ ಎಂದು ಬರೆದವರು ಕಡಿಮೆ. ಆ ಪೆಟ್ಟಿಗೆಯ ಚರಿತ್ರೆಯೇ ನನಗೆ ಮುಖ್ಯ.

ನಮ್ಮ ಸೀಮೆಯಲ್ಲಿ ಗಾಡಿಗಿಂತ ಮೊದಲು ಹೇರೆತ್ತು ಇತ್ತು. ದುರ್ಗ, ಬೆಟ್ಟ, ಹಳ್ಳಗಳ ಈ ನೆಲದಲ್ಲಿ ಚಕ್ರ ಉರುಳುವ ದಾರಿ ಕಡಿಮೆ. ಎತ್ತಿನ ಬೆನ್ನ ಮೇಲೆ ಎರಡೂ ಕಡೆ ಚೀಲವಿರುವ ಹಸುಬೆ ಹಾಕಿ, ಉಪ್ಪು, ದವಸ, ಬೆಲ್ಲ ಸಾಗಿಸುತ್ತಿದ್ದರು. ಹೇರೆತ್ತಿನವನ ಸ್ವಂತ ಸಾಮಾನು ಅವನ ಹೆಗಲ ಮೇಲೆಯೇ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದ್ದು ಈ ಹೇರೆತ್ತುಗಳ ಕಾಲದಲ್ಲಿ. 1800ರಲ್ಲಿ ಅವನು ಶಿರಾ, ಮಧುಗಿರಿಗಳನ್ನೂ ಕಂಡ. ಬರೆದದ್ದು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮಳೆಗಾಲದಲ್ಲಿ ಬೆಟ್ಟದಿಂದ ಹಳ್ಳಕ್ಕೆ ಇಳಿಯುವ ಕಪ್ಪು ಮರಳನ್ನು ತೊಳೆದು, ಕುಲುಮೆಯಲ್ಲಿ ಕರಗಿಸಿ ಈ ಭಾಗದವರು ಕಬ್ಬಿಣ ತೆಗೆಯುತ್ತಿದ್ದುದನ್ನು ಅವನು ಅದರಲ್ಲಿ ದಾಖಲಿಸಿದ್ದಾನೆ. ಚನ್ನರಾಯನದುರ್ಗದ ಬೆಟ್ಟ ನಮಗೆ ಹತ್ತಿರ. ನಮ್ಮ ಕೈಗೆ ಕಬ್ಬಿಣ ಹೊಸದಲ್ಲ ಎನ್ನುವುದನ್ನು ಅಂಗಡಿಗೆ ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮರೆಯದೆ ಹೇಳುತ್ತೇನೆ.

ಗಾಡಿ ಹೆಚ್ಚಿದ್ದು ರಸ್ತೆ ಬಂದ ಮೇಲೆ. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ 1834ರಿಂದ 1861ರವರೆಗಿನ ಕಾಲದಲ್ಲಿ ಊರೂರನ್ನು ಕೂಡಿಸುವ ರಸ್ತೆಗಳು ಆದವು, ಹೇರೆತ್ತಿನ ಜಾಗಕ್ಕೆ ನಿಧಾನವಾಗಿ ಗಾಡಿ ಬಂತು. ನಮ್ಮ ತಾತನ ಕಸುಬು ಆ ರಸ್ತೆಗಳ ಫಲ.

ತಾತ ಚಕ್ರದ ಗುಂಬಕ್ಕೆ ಕರಿಜಾಲಿ ಮರವನ್ನೇ ಹುಡುಕುತ್ತಿದ್ದರು. ಕಡಿದ ಮರವನ್ನು ವರ್ಷಗಟ್ಟಲೆ ನೆರಳಲ್ಲಿ ಒಣಗಿಸಿ, ಆಮೇಲೆ ಉಳಿ ಹಚ್ಚುವುದು. ಹಸಿ ಮರದಲ್ಲಿ ಮಾಡಿದರೆ ಬೇಸಿಗೆ ಬಂದಾಗ ಅರೆಕಾಲು ಸಡಿಲವಾಗಿ ಚಕ್ರ ಮಾತಾಡುತ್ತದೆ ಎನ್ನುತ್ತಿದ್ದರು. ನಾನು ಚಿಕ್ಕವನಾಗಿದ್ದಾಗ ಕಣ್ಣಾರೆ ಕಂಡ ದೊಡ್ಡ ಕೆಲಸವೆಂದರೆ ಹಳಿ ಏರಿಸುವುದು. ಚಕ್ರದ ಸುತ್ತಳತೆಗಿಂತ ಸ್ವಲ್ಪ ಚಿಕ್ಕದಾಗಿ ಬೆಸೆದ ಕಬ್ಬಿಣದ ಬಳೆಯನ್ನು ನೆಲದ ಮೇಲಿಟ್ಟು, ಸುತ್ತ ಬೆರಣಿ, ತೆಂಗಿನ ಸಿಪ್ಪೆ ಒಟ್ಟಿ ಬೆಂಕಿ ಹಾಕುತ್ತಿದ್ದರು. ಕೆಂಪಗೆ ಕಾದು ಹಿಗ್ಗಿದ ಬಳೆಯನ್ನು ಮೂವರು ನಾಲ್ವರು ಇಕ್ಕಳದಲ್ಲಿ ಹಿಡಿದು ಚಕ್ರದ ಮೇಲೆ ಇಳಿಸಬೇಕು. ಮರ ಹೊತ್ತಿಕೊಳ್ಳುವ ಮೊದಲೇ ಕೊಡದ ಮೇಲೆ ಕೊಡ ನೀರು ಸುರಿಯಬೇಕು. ಕಬ್ಬಿಣ ಕುಗ್ಗುತ್ತ ಬಂದಂತೆ ಅರೆಕಾಲುಗಳೆಲ್ಲ ಗುಂಬದೊಳಗೆ ಕಟಕಟ ಎಂದು ಬಿಗಿಯುವ ಸದ್ದು ಕೇಳಿಸುತ್ತಿತ್ತು. ಒಂದು ಮೊಳೆಯೂ ಇಲ್ಲದೆ ಹಳಿ ಕೂತುಬಿಡುತ್ತಿತ್ತು. ಇವತ್ತಿನ ಯಾವ ವೆಲ್ಡಿಂಗೂ ನನಗೆ ಅಷ್ಟು ಬೆರಗು ಹುಟ್ಟಿಸಿಲ್ಲ.

ಆ ಗಾಡಿಯಲ್ಲಿ ಪ್ರತಿಯೊಂದು ಸಾಮಾನಿಗೂ ಒಂದು ನೆಲೆ ಇತ್ತು. ಎತ್ತಿನ ಹುಲ್ಲು, ಅಚ್ಚಿನ ಕೆಳಗೆ ಕಟ್ಟಿದ ಹಗ್ಗದ ಬಲೆಯಲ್ಲಿ. ಕೀಲಿಗೆ ಬಿಡುವ ಹರಳೆಣ್ಣೆ, ಗಾಡಿಯ ಬದಿಗೆ ತೂಗುಹಾಕಿದ ಬಿದಿರಿನ ಗೊಟ್ಟದಲ್ಲಿ. ಕಂದೀಲು ಅಡಿಯಲ್ಲಿ, ಗಾಳಿಗೆ ಆರದ ಕಡೆ. ಗಾಡಿಯವನು ಕೂರುವ ಹಲಗೆಯ ಕೆಳಗೆ ತಾತ ಒಂದು ಮರದ ಗೂಡು ಮಾಡಿಕೊಡುತ್ತಿದ್ದರು. ಅದರಲ್ಲಿ ಒಂದು ಬದಲಿ ಕಡಾಣಿ, ಬಾಚಿ, ರಾಗಿಹಿಟ್ಟಿನ ಗಂಟು, ಉಪ್ಪು ಮೆಣಸಿನಕಾಯಿ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೊರಟವರು ದಾರಿಯಲ್ಲಿ ರಾತ್ರಿ ಕಳೆಯಬೇಕಾಗಿತ್ತು. ಹಾಗೆ ದೂರ ಹೋಗುವವರು ಗೂಡಿಗೆ ಮುಚ್ಚಳ ಕೇಳುತ್ತಿದ್ದರು. ಅದಕ್ಕೆ ತಾತ ಬೇರೆ ಕಾಸು ಕೇಳಿದ್ದನ್ನು ನಾನು ಕಂಡಿಲ್ಲ. ಗಾಡಿ ಎಂದರೆ ಗೂಡೂ ಸೇರಿಯೇ ಎಂಬುದು ಅವರ ಲೆಕ್ಕ. ಡನ್ಲಪ್ ಟೈರಿನ ಗಾಡಿ ಬಂದು ಹಳಿ ಏರಿಸುವ ಕೆಲಸ ನಿಂತ ಮೇಲೂ ಗೂಡು ಉಳಿಯಿತು.

ಲಾರಿಯ ಕಾಲದಲ್ಲೂ ಅದು ಉಳಿಯಲು ಒಂದು ಕಾರಣವಿದೆ. ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್ ಬೆನ್ಜ್ ಜೊತೆ ಸೇರಿ ಲಾರಿ ಮಾಡತೊಡಗಿದಾಗ ಮಾಲೀಕನ ಕೈಗೆ ಬರುತ್ತಿದ್ದುದು ಬಹುಮಟ್ಟಿಗೆ ಬರೀ ಚಾಸಿಸ್: ಇಂಜಿನ್ನು, ಚಕ್ರ, ಸ್ಟೇರಿಂಗು. ಬಾಡಿಯನ್ನು ಇಲ್ಲಿನವರೇ ಕಟ್ಟಬೇಕಿತ್ತು. ತಮಿಳುನಾಡಿನ ನಾಮಕ್ಕಲ್, ಸಂಕಗಿರಿ ಕಡೆಯ ಊರುಗಳು ಬೆಳೆದದ್ದೇ ಈ ಕೆಲಸದಿಂದ. ಕಟ್ಟುವವನ ಎದುರಿಗೆ ಡ್ರೈವರೇ ನಿಂತು, 'ಇಲ್ಲಿ ಟೂಲ್ ಬಾಕ್ಸ್ ಬೇಕು, ಅಲ್ಲಿ ನೀರಿನ ಕ್ಯಾನಿಗೆ ಕೊಂಡಿ ಬೇಕು, ಕ್ಯಾಬಿನ್ ಮೇಲೆ ಟಾರ್ಪಾಲಿಗೆ ಜಾಗ ಬೇಕು' ಎಂದು ಹೇಳಿ ಮಾಡಿಸಿಕೊಳ್ಳುತ್ತಿದ್ದ. ನಮ್ಮಪ್ಪ ಇಂಥ ಮಾತು ಕೇಳಿಕೊಂಡೇ ಜೀವನ ಮಾಡಿದವರು. ಲಾರಿಯ ಬಲಬದಿಯ ಪೆಟ್ಟಿಗೆಯಲ್ಲಿ ಜಾಕಿ, ಪಾನಾ. ಎಡಬದಿಯದರಲ್ಲಿ ಸ್ಟೌವು, ಪಾತ್ರೆ, ಅಕ್ಕಿ. ಆ ಎರಡನ್ನು ಬೆರೆಸಿದರೆ ಅಪ್ಪ ಬೈಯುತ್ತಿದ್ದರು. ಡೀಸೆಲ್ ವಾಸನೆ ಅನ್ನಕ್ಕೆ ಹತ್ತಬಾರದು.

ಸಣ್ಣ ಗಾಡಿಗಳು ಬಂದಾಗ ಈ ಎದುರುಬದುರು ಮಾತು ನಿಂತುಹೋಯಿತು. ಬಜಾಜ್ ಟೆಂಪೊದವರ ಮ್ಯಾಟಡೋರ್, 1988ರ ಟಾಟಾಮೊಬೈಲ್, ಅದರ ಹಿಂದೆ ಬಂದ 207, ಮಹೀಂದ್ರದ ಪಿಕಪ್ಪುಗಳು, ಕೊನೆಗೆ 2005ರ ಮೇ ತಿಂಗಳಲ್ಲಿ ಟಾಟಾ ಏಸ್. ಎರಡು ಸಿಲಿಂಡರಿನ, 750 ಕೆ.ಜಿ. ಹೊರುವ ಏಸ್ ನಮ್ಮ ಹಳ್ಳಿಗಳ ಸಂದಿಗೊಂದಿಗೆ ನುಗ್ಗಿತು. ಲಾರಿ ಬಾರದ ತೋಟದ ಬಾಗಿಲಿಗೇ ಬಂದು ಅಡಿಕೆ, ತೆಂಗಿನಕಾಯಿ, ಹಲಸಿನಹಣ್ಣು ಹೇರಿಕೊಂಡಿತು. ಇದನ್ನು ನಾನು ಸಣ್ಣ ಉಪಕಾರ ಎನ್ನುವುದಿಲ್ಲ. ಒಂದು ಲಾರಿ ಲೋಡು ಆಗುವಷ್ಟು ಬೆಳೆ ಇಲ್ಲದ ರೈತನಿಗೆ ತುಮಕೂರಿನ ಅಂತರಸನಹಳ್ಳಿಯ ಮಾರುಕಟ್ಟೆ ಹತ್ತಿರವಾದದ್ದು ಈ ಗಾಡಿಗಳಿಂದ. ಆದರೆ ಹೆಚ್ಚಿನವು ಬಾಡಿ ಸಮೇತ, ಬಣ್ಣ ಬಳಿದುಕೊಂಡು, ಕಾರ್ಖಾನೆಯಿಂದಲೇ ಪೂರ್ತಿಯಾಗಿ ಬಂದವು. ಸರಕಿಗೆ ಅಂಗುಲ ಅಂಗುಲ ಲೆಕ್ಕ ಹಾಕಿದ್ದರು. ಹೊಡೆಯುವವನಿಗೆ ಸೀಟಿನ ಹಿಂದೆ ಒಂದು ಸಂದಿ ಬಿಟ್ಟಿದ್ದರು.

ರಾತ್ರಿ ಹನ್ನೊಂದಕ್ಕೆ ತರಕಾರಿ ಹೇರಿಕೊಂಡು ಬೆಂಗಳೂರಿನ ಯಶವಂತಪುರಕ್ಕೋ ಕಲಾಸಿಪಾಳ್ಯಕ್ಕೋ ಹೋಗಿ, ಮಾರನೆಯ ಮಧ್ಯಾಹ್ನ ಹಿಂದಿರುಗುವ ಡ್ರೈವರಿಗೆ ಏನೇನು ಬೇಕು ನೋಡಿ. ಟಾರ್ಪಾಲು, ಹಗ್ಗ, ಜಾಕಿ, ವೀಲ್ ಪಾನಾ, ಖಾಲಿ ಚೀಲಗಳು, ಹೊದಿಕೆ, ಒಂದು ಜೊತೆ ಬಟ್ಟೆ, ನೀರು. ಮಳೆಯಲ್ಲಿ ನೆನೆದ ಟಾರ್ಪಾಲನ್ನು ಸೀಟಿನ ಹಿಂದೆ ತುರುಕಿದರೆ ಕ್ಯಾಬಿನ್ನೆಲ್ಲ ಮುಗ್ಗಲು ವಾಸನೆ. ಬಾಡಿಯಲ್ಲಿ ಬಿಟ್ಟರೆ, ಮಂಡಿಯಲ್ಲಿ ಚೀಟಿ ಬರೆಸಿಕೊಂಡು ಬರುವಷ್ಟರಲ್ಲಿ ಯಾರೋ ಎತ್ತಿಕೊಂಡು ಹೋಗಿರುತ್ತಾರೆ. ನನ್ನ ಅಂಗಡಿಗೆ ಈ ಕೆಲಸಕ್ಕೆಂದು ಮೊದಲು ಬಂದ ಹುಡುಗ ಹೇಳಿದ್ದು ಇಷ್ಟೇ: 'ಆಚಾರ್ರೇ, ಟಮಾಟೊಗೆ ಜಾಗ ಐತೆ, ನನ್ ಕಂಬ್ಳೀಗೆ ಇಲ್ಲ. ಏನಾರ ಮಾಡ್ಕೊಡಿ.' ನಮ್ಮ ತಾತನ ಗೂಡು ಆಗ ನನಗೆ ನೆನಪಾಯಿತು.

ಮಾಡುವ ಬಗೆ ಮೂರು. ಬಾಡಿಯ ನೆಲಕ್ಕೆ ಇನ್ನೊಂದು ನೆಲ ಹಾಕಿ ನಡುವೆ ಜಾಗ ಬಿಡುವುದು ಒಂದು. ನೋಡಲು ಚೆಂದ, ಆದರೆ ನಾನು ಒಪ್ಪುವುದಿಲ್ಲ. ನೆಲ ಅರ್ಧ ಅಡಿ ಮೇಲೇರಿದರೆ ಪ್ರತಿ ಮೂಟೆಯನ್ನೂ ಹಮಾಲಿ ಅರ್ಧ ಅಡಿ ಹೆಚ್ಚು ಎತ್ತಬೇಕು. ಡ್ರೈವರಿನ ಅನುಕೂಲಕ್ಕೆ ಹಮಾಲಿಯ ಬೆನ್ನು ಮುರಿಯುವುದು ನ್ಯಾಯವಲ್ಲ. ಹಾಗಾಗಿ ಉಳಿದ ಎರಡನ್ನೇ ಮಾಡುತ್ತೇನೆ. ಬಾಡಿಯ ಕೆಳಗೆ ಬದಿಯಲ್ಲಿ ತೂಗುವ ಪೆಟ್ಟಿಗೆಗೆ, ಡೀಸೆಲ್ ಟ್ಯಾಂಕೂ ಸೈಲೆನ್ಸರೂ ಇಲ್ಲದ ಬದಿ ಯಾವುದು, ಎಷ್ಟು ಜಾಗವಿದೆ ಎಂದು ಮಲಗಿ ನೋಡಿಯೇ ಅಳತೆ ಹಿಡಿಯಬೇಕು. ಕ್ಯಾಬಿನ್ ಬೆನ್ನಿನ ಅಡ್ಡ ಪೆಟ್ಟಿಗೆ ಸುಲಭ. ಅದರ ಮೇಲೆ ಹಗುರ ಸರಕನ್ನೂ ಇಡಬಹುದು.

ತೂಕ ಮೊದಲೇ ಲೆಕ್ಕ ಹಾಕಬೇಕು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಪೆಟ್ಟಿಗೆಗೆ ಸುಮಾರು 26 ಚದರ ಅಡಿ ತಗಡು ಹಿಡಿಯುತ್ತದೆ. 2 ಮಿ.ಮೀ. ಶೀಟು ಹಾಕಿದರೆ ಹತ್ತಿರ ಹತ್ತಿರ 38 ಕೆ.ಜಿ.; 3 ಮಿ.ಮೀ. ಹಾಕಿದರೆ 56 ದಾಟುತ್ತದೆ, ಆಂಗಲ್, ಕೊಂಡಿ ಬೇರೆ. 750 ಕೆ.ಜಿ. ಹೊರುವ ಗಾಡಿಗೆ ಅಷ್ಟು ಎಂದರೆ ಒಂದು ಮೂಟೆಯ ಬಾಡಿಗೆ ಹೋದಂತೆ. 'ದಪ್ಪ ಶೀಟೇ ಇರ್ಲಿ ಆಚಾರ್ರೇ' ಎನ್ನುವವರಿಗೆ ಈ ಲೆಕ್ಕ ಬರೆದು ತೋರಿಸುತ್ತೇನೆ. ಬದಲಿಗೆ ಒಳಗೆ ಒಂದು ಪಟ್ಟಿ ಕೊಟ್ಟು ತೆಳು ಶೀಟನ್ನೇ ಬಿಗಿ ಮಾಡಬಹುದು. ಮುಚ್ಚಳದ ಅಂಚನ್ನು ಹೊರಕ್ಕೆ ಇಳಿಬಿಟ್ಟು ಒಳಗೆ ರಬ್ಬರ್ ಬೀಡಿಂಗ್ ಹಾಕಬೇಕು, ತಳದಲ್ಲಿ ನೀರು ಇಳಿಯಲು ತೂತು ಇಡಬೇಕು. ಗೊಬ್ಬರ ಹೇರುವ ಗಾಡಿಯಾದರೆ ರೆಡ್ ಆಕ್ಸೈಡ್ ಎರಡು ಕೈ. ಯೂರಿಯಾದ ಪುಡಿ ನೀರಿಗೆ ಬಿದ್ದರೆ ಕಬ್ಬಿಣವನ್ನು ತಿಂದುಹಾಕುತ್ತದೆ. ಚಾಸಿಸ್ಸಿಗೆ ಮಾತ್ರ ನಾನು ವೆಲ್ಡಿಂಗ್ ಮಾಡುವುದಿಲ್ಲ, ತೂತು ಕೊರೆಯುವುದೂ ಇಲ್ಲ. ಭಾರ ಹೊರುವ ಆ ಉಕ್ಕು ಬಿಸಿ ತಾಗಿದಲ್ಲಿ ದುರ್ಬಲವಾಗುತ್ತದೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಬಾಡಿಯ ಅಡ್ಡಪಟ್ಟಿಗಳಿಗೆ ಯು ಬೋಲ್ಟ್ ಹಾಕಿ ಬಿಗಿದರೆ ಸಾಕು. ಬೇಡವೆಂದಾಗ ಬಿಚ್ಚಲೂ ಬರುತ್ತದೆ.

ಬಿಚ್ಚಲು ಬರಬೇಕು ಎನ್ನುವುದಕ್ಕೆ ಕಾನೂನಿನ ಕಾರಣವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಮೂಲದಲ್ಲಿ ನಿಗದಿ ಮಾಡಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಬಿಗಿಯಾಗಿ ಹೇಳಿತು. ಸರಕು ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷವೂ ಎಫ್‌ಸಿ, ಅಂದರೆ ಫಿಟ್‌ನೆಸ್ ತಪಾಸಣೆ, ಆಗಬೇಕು. ಹಾಗಾಗಿ ತುಮಕೂರಿನ ಕೆಎ 06 ಆಗಲಿ ಮಧುಗಿರಿಯ ಕೆಎ 64 ಆಗಲಿ, ಅಂಗಡಿಗೆ ಬಂದ ಗಾಡಿಯ ಉದ್ದ, ಅಗಲ ದಾಖಲೆಯಲ್ಲಿರುವುದಕ್ಕಿಂತ ಒಂದು ಬೆರಳೂ ಮೀರದಂತೆ ನೋಡಿಕೊಳ್ಳುತ್ತೇನೆ. ಮಾಲೀಕನಿಗೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು ಬಾ ಎನ್ನುತ್ತೇನೆ. ಕಾನೂನು ಬೇಕು, ಮನಬಂದಂತೆ ಗಾಡಿ ಕತ್ತರಿಸುವವರೂ ಇದ್ದಾರೆ. ಆದರೆ ಕಾರ್ಖಾನೆಯವರೇ ಈ ಪೆಟ್ಟಿಗೆಯನ್ನು ಕೂರಿಸಿ ಕಳಿಸಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಕೂರಿಸಲು ಆಗದ ಕೆಲಸವೂ ಅಲ್ಲ. ಫೋರ್ಡ್ ಕಂಪನಿ 1925ರಲ್ಲಿ ಮಾಡೆಲ್ ಟಿ ಕಾರಿನ ಹಿಂದೆ ಸಣ್ಣ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರಿದಾಗ ಕಾರ್ಖಾನೆಯಲ್ಲೇ ತಯಾರಾದ ಪಿಕಪ್ ಜನಕ್ಕೆ ಸಿಕ್ಕಿತು. ನಮ್ಮಲ್ಲಿ ಏಸ್ ಬಂದ 2005ರಲ್ಲೇ ಅಮೆರಿಕದಲ್ಲಿ ಹೋಂಡಾ ರಿಡ್ಜ್‌ಲೈನ್ ಎಂಬ ಪಿಕಪ್ ಮಾರಾಟಕ್ಕೆ ಬಂತು. ಅದರ ಬಾಡಿಯ ನೆಲದೊಳಗೇ ಬೀಗ ಹಾಕುವ ಪೆಟ್ಟಿಗೆ, ನೀರು ಬಿಡಲು ಬಿರಡೆ ಸಮೇತ. ಹಿಂದಿನ ಚಕ್ರಗಳನ್ನು ಕೂಡಿಸುವ ಗಟ್ಟಿ ಅಚ್ಚು, ಪ್ಲೇಟಿನ ಕಟ್ಟು ಅದರಲ್ಲಿಲ್ಲ. ಆದ್ದರಿಂದ ನೆಲದಡಿಯಲ್ಲಿ ಜಾಗ ಸಿಕ್ಕಿತು. ಒಂದೂವರೆ ಟನ್ ಹೊತ್ತು ಪಾವಗಡದ ಕಚ್ಚಾ ದಾರಿಯಲ್ಲಿ ಕಡಲೆಕಾಯಿ ತರುವ ಗಾಡಿಗೆ ಅಚ್ಚೂ ಪ್ಲೇಟೂ ಬೇಕೇ ಬೇಕು. ಆದರೆ ಮುಂದೆ ಕೆಲವೇ ವರ್ಷಗಳಲ್ಲಿ ಡಾಡ್ಜ್ ಕಂಪನಿ ಬಾಡಿಯ ಎರಡು ಬದಿಯ ಗೋಡೆಗಳೊಳಗೇ ಪೆಟ್ಟಿಗೆ ಮಾಡಿ ಮಾರಿತು. ಅಂಥದನ್ನು ನಮ್ಮ ಗಾಡಿಗೂ ಯೋಚಿಸಬಹುದಿತ್ತು. ಅಮೆರಿಕದಲ್ಲಿ ಗಾಡಿ ಕೊಳ್ಳುವವನೇ ಬಹುಮಟ್ಟಿಗೆ ಹೊಡೆಯುವವನು, ಅವನು ಕೇಳಿದ್ದನ್ನು ಕಂಪನಿ ಕೊಟ್ಟಿತು. ನಮ್ಮಲ್ಲಿ ಎಷ್ಟೋ ಗಾಡಿಗಳಿಗೆ ಕೊಳ್ಳುವವನು ಒಬ್ಬ, ರಾತ್ರಿ ಎದ್ದು ಹೊಡೆಯುವವನು ಇನ್ನೊಬ್ಬ. ಷೋರೂಮಿನಲ್ಲಿ ಅವನನ್ನು ಯಾರೂ ಕೇಳುವುದಿಲ್ಲ ಎಂದೇ ನನ್ನ ಅನಿಸಿಕೆ.

ಈಗ ಬ್ಯಾಟರಿ ಗಾಡಿಗಳು ಶುರುವಾಗಿವೆ. ಟಾಟಾದವರು 2022ರಲ್ಲಿ ಏಸ್ ಇವಿ ತೋರಿಸಿದರು. ಇಂಥ ಗಾಡಿಗಳಲ್ಲಿ ನಾವು ಪೆಟ್ಟಿಗೆ ತೂಗುತ್ತಿದ್ದ ಬಾಡಿಯ ಅಡಿಯ ಜಾಗಕ್ಕೆ ದೊಡ್ಡ ಬ್ಯಾಟರಿ ಬಂದು ಕೂತಿದೆ, ಜೊತೆಗೆ ಕಿತ್ತಳೆ ಬಣ್ಣದ ಹೈವೋಲ್ಟೇಜ್ ತಂತಿಗಳು. ಅದರ ಹತ್ತಿರ ವೆಲ್ಡಿಂಗ್ ರಾಡು ಹಿಡಿಯುವ ಮಾತೇ ಇಲ್ಲ. ಇಂಥ ಗಾಡಿ ತಂದವರಿಗೆ ಅಡ್ಡ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಪೂರ್ತಿ ಬೆಸೆದು, ಬಣ್ಣ ಹಚ್ಚಿ, ಬಾಡಿಯ ಒಳಗಿನ ಕೊಂಡಿಗಳಿಗೆ ಬೋಲ್ಟಿನಲ್ಲಿ ಬಿಗಿದು ಕೊಡಬೇಕೆಂದು ಅಳತೆ ಗುರುತು ಹಾಕಿಟ್ಟಿದ್ದೇನೆ: ಅಗಲ ಒಂದೂಕಾಲು ಅಡಿ, ಎತ್ತರ ಕ್ಯಾಬಿನ್ನಿನ ಹಿಂದಿನ ಗಾಜಿಗಿಂತ ನಾಲ್ಕು ಬೆರಳು ಕೆಳಗೆ, ಶೀಟು 1.6 ಮಿ.ಮೀ., ಒಳಗೆ ಎರಡು ಖಾನೆ, ಬುತ್ತಿಗೆ ಒಂದು, ಜಾಕಿಗೆ ಒಂದು.