ಚಿಂತೆಯೂ ದೇಹರಕ್ಷಣೆಯೂ

ಚಿಂತೆಗೂ ಚಿತೆಗೂ ಇರುವ ಅಂತರವು ಒಂದು ಬಿಂದುವಷ್ಟೆ ಎಂಬುದು ನಮ್ಮ ಹಿರಿಯರ ಮಾತು. ರೋಗವನ್ನು ಬೆಳೆಯಿಸುವ ಕಾರಣಗಳಲ್ಲಿ ವಿಷಾದವೇ ಅಗ್ರಗಣ್ಯವೆಂದು ಚರಕಸಂಹಿತೆಯೂ ಹೇಳುತ್ತದೆ. ಆದರೆ ಒಂದು ಸಂಗತಿಯನ್ನು ಅನುಭವದಿಂದ ಕಾಣುವುದು ಬೇರೆ. ಅದು ಯಾವ ಮಾರ್ಗವಾಗಿ ನಡೆಯುತ್ತದೆಂಬುದನ್ನು ಪರೀಕ್ಷೆಯಿಂದ ಸ್ಥಾಪಿಸುವುದು ಬೇರೆ. ಮನಸ್ಸಿನ ಖೇದವು ದೇಹದ ರೋಗನಿರೋಧಕ ಶಕ್ತಿಯನ್ನು ಮುಟ್ಟುವುದು ಹೇಗೆ? ಈ ಪ್ರಶ್ನೆಗೆ ಉತ್ತರವು ಇಪ್ಪತ್ತನೆಯ ಶತಮಾನದಲ್ಲಿ ದೊರೆಯತೊಡಗಿತು. ಅದೂ ಬೇರೆ ಬೇರೆ ಊರುಗಳಲ್ಲಿ, ಅನೇಕವೇಳೆ ಬೇರೇನನ್ನೋ ಹುಡುಕುತ್ತಿದ್ದವರ ಕೈಗೆ. ಆ ಚರಿತ್ರೆಯನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬಹುಕಾಲದವರೆಗೆ ವೈದ್ಯವಿದ್ವಾಂಸರು ದೇಹದ ರಕ್ಷಣಾವ್ಯವಸ್ಥೆಯನ್ನು ಸ್ವತಂತ್ರವಾದ ಒಂದು ಸೈನ್ಯವೆಂದು ಭಾವಿಸಿದ್ದರು. ರೋಗಾಣುಗಳು ಒಳಹೊಕ್ಕರೆ ಬಿಳಿಯ ರಕ್ತಕಣಗಳು ಅವನ್ನು ನುಂಗುವುವು, ಪ್ರತಿಕಾಯಗಳೆಂಬ ದ್ರವ್ಯಗಳು ಅವನ್ನು ಕಟ್ಟಿಹಾಕುವುವು. ಇದಕ್ಕೆ ಮಿದುಳಿನ ಅಪ್ಪಣೆಯೇನೂ ಬೇಕಿಲ್ಲವೆಂಬುದು ಅವರ ಮತ. ದೇಹದಿಂದ ಹೊರತೆಗೆದು ಗಾಜಿನ ಕೊಳವೆಯಲ್ಲಿಟ್ಟರೂ ಆ ಕಣಗಳು ತಮ್ಮ ಕೆಲಸವನ್ನು ಮಾಡುತ್ತಿದ್ದುದರಿಂದ ಈ ಮತಕ್ಕೆ ಬಲವೂ ಇದ್ದಿತು.

ಈ ಮತವನ್ನು ಮೊದಲು ಅಲುಗಿಸಿದವರಲ್ಲಿ ಹ್ಯಾನ್ಸ್ ಸೆಲ್ಯೆ ಮುಖ್ಯರು. ಇವರು ಕೆನಡಾ ದೇಶದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಹೊಸದೊಂದು ಹಾರ್ಮೋನನ್ನು, ಎಂದರೆ ಗ್ರಂಥಿಗಳು ರಕ್ತಕ್ಕೆ ಸುರಿಸುವ ರಸವಿಶೇಷವನ್ನು, ಅರಸುತ್ತ ಅಂಡಾಶಯದ ಸಾರವನ್ನು ಇಲಿಗಳಿಗೆ ಚುಚ್ಚುತ್ತಿದ್ದರು. ಆಗ ಇಲಿಗಳಲ್ಲಿ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಹಿಗ್ಗಿದುವು, ಬಿಳಿಯ ಕಣಗಳ ನೆಲೆಗಳಾದ ಥೈಮಸ್ ಗ್ರಂಥಿಯೂ ದುಗ್ಧಗ್ರಂಥಿಗಳೂ ಕುಗ್ಗಿದುವು, ಜಠರದಲ್ಲಿ ಹುಣ್ಣುಗಳೆದ್ದುವು. ಸಾರವನ್ನು ಬಿಟ್ಟು ಫಾರ್ಮಲಿನ್ ಚುಚ್ಚಿದರೂ, ಇಲಿಗಳನ್ನು ಚಳಿಯಲ್ಲಿಟ್ಟರೂ, ಅತಿಯಾಗಿ ದಣಿಸಿದರೂ ಫಲವು ಒಂದೇ ಆಗಿತ್ತು. ಬಾಧೆಯು ಯಾವುದೇ ಇರಲಿ, ದೇಹವು ಒಂದೇ ರೀತಿಯಾಗಿ ಪ್ರತಿಕ್ರಿಯಿಸುತ್ತದೆಂಬ ಈ ವಿಷಯವನ್ನು ಅವರು 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮಿದುಳಿನ ತಳಭಾಗವು ಪಿಟ್ಯುಟರಿ ಗ್ರಂಥಿಯನ್ನೂ, ಅದು ಅಡ್ರಿನಲ್ ಗ್ರಂಥಿಗಳನ್ನೂ ಪ್ರೇರಿಸುವುದೆಂಬ ಕ್ರಮವು ಮುಂದೆ ಸ್ಪಷ್ಟವಾಯಿತು.

ಅಡ್ರಿನಲ್ ರಸದ ಸಾಮರ್ಥ್ಯವೆಷ್ಟೆಂಬುದನ್ನು ತೋರಿಸಿದುದು ಅಮೆರಿಕದ ಮಿನೆಸೋಟ ಪ್ರಾಂತದ ರಾಚೆಸ್ಟರ್ ಎಂಬ ಊರು. ಅಲ್ಲಿಯ ಮೇಯೋ ಚಿಕಿತ್ಸಾಲಯದ ಫಿಲಿಪ್ ಹೆಂಚ್ ಎಂಬ ವೈದ್ಯರು, ಸಂಧಿವಾತದಿಂದ ನರಳುತ್ತಿದ್ದ ಸ್ತ್ರೀಯರು ಗರ್ಭವತಿಯರಾದಾಗಲೂ, ರೋಗಿಗಳಿಗೆ ಕಾಮಾಲೆ ಬಂದಾಗಲೂ ಸಂಧಿಗಳ ನೋವು ಇಳಿಯುವುದನ್ನು ಗಮನಿಸಿದ್ದರು. ಎಡ್ವರ್ಡ್ ಕೆಂಡಲ್ ಅವರು ಬೇರ್ಪಡಿಸಿದ್ದ ಅಡ್ರಿನಲ್ ದ್ರವ್ಯವೊಂದನ್ನು ಹೆಂಚ್ ಅವರು 1948ರ ಸೆಪ್ಟೆಂಬರಿನಲ್ಲಿ ನಡೆದಾಡಲಾರದೆ ಇದ್ದ ಒಬ್ಬ ತರುಣಿಗೆ ಕೊಟ್ಟರು. ಒಂದು ವಾರದಲ್ಲಿ ಆಕೆ ನಡೆದಾಡಿದಳು. ಅದೇ ಕಾರ್ಟಿಸೋನ್, ಇದಕ್ಕಾಗಿ 1950ರಲ್ಲಿ ಹೆಂಚ್, ಕೆಂಡಲ್, ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಉರಿಯೂತವನ್ನು ಶಮನಗೊಳಿಸುವ ಈ ಔಷಧವೇ ಹೆಚ್ಚಿನ ಪ್ರಮಾಣದಲ್ಲಿ ಬಹುದಿನ ಸಂದಲ್ಲಿ ರೋಗಾಣುಗಳಿಗೆ ಬಾಗಿಲು ತೆರೆಯುವುದೆಂಬುದೂ ಶೀಘ್ರದಲ್ಲಿಯೇ ತಿಳಿದುಬಂದಿತು.

ಹೀಗೆ ಹಾರ್ಮೋನುಗಳ ಪ್ರಭಾವವು ಸಿದ್ಧವಾದರೂ, ಮಿದುಳು ಕಲಿತುದನ್ನು ರಕ್ಷಣಾಕಣಗಳೂ ಕಲಿಯಬಲ್ಲುವೆಂದರೆ ನಂಬುವವರು ವಿರಳ. ಅದನ್ನು ನಂಬಿಸಿದವರು ನ್ಯೂಯಾರ್ಕ್ ಪ್ರಾಂತದಲ್ಲಿರುವ ಇನ್ನೊಂದು ರಾಚೆಸ್ಟರಿನ ಮನಶ್ಶಾಸ್ತ್ರಜ್ಞ ರಾಬರ್ಟ್ ಏಡರ್. ಇವರು ಇಲಿಗಳಿಗೆ ಸ್ಯಾಕರಿನ್ ಬೆರೆಸಿದ ಸಿಹಿನೀರನ್ನು ಕುಡಿಸಿ, ಜೊತೆಗೆ ವಾಕರಿಕೆ ಬರಿಸುವ ಸೈಕ್ಲೋಫಾಸ್ಫಮೈಡ್ ಎಂಬ ಔಷಧವನ್ನು ಚುಚ್ಚಿದರು. ಆಮೇಲೆ ಔಷಧವಿಲ್ಲದೆ ಬರಿಯ ಸಿಹಿನೀರನ್ನು ಕೊಟ್ಟಾಗ ಕೆಲವು ಇಲಿಗಳು ಸತ್ತುವು; ಮೊದಲು ಹೆಚ್ಚು ಸಿಹಿನೀರು ಕುಡಿದಿದ್ದವುಗಳಲ್ಲಿ ಸಾವೂ ಹೆಚ್ಚು. ಬೇರೊಬ್ಬರಾದರೆ ಇಲಿ ಸತ್ತಿತೆಂದು ಬಿಸುಟು ಮುಂದೆ ಸಾಗುತ್ತಿದ್ದರೇನೋ. ಏಡರ್ ಹಾಗೆ ಮಾಡಲಿಲ್ಲ. ಆ ಔಷಧವು ರೋಗನಿರೋಧಕ ಶಕ್ತಿಯನ್ನೂ ಕುಂದಿಸುವುದಷ್ಟೆ. ಸಿಹಿಯ ರುಚಿಯೇ ಈಗ ಔಷಧದ ಕೆಲಸವನ್ನು ಮಾಡುತ್ತಿರಬಹುದೆಂದು ಅವರು ಊಹಿಸಿದರು. ನಿಕೊಲಸ್ ಕೋಹೆನ್ ಎಂಬವರೊಡನೆ ಸೇರಿ, ಇಲಿಗಳಿಗೆ ಕುರಿಯ ರಕ್ತಕಣಗಳನ್ನು ಚುಚ್ಚಿ ಪರೀಕ್ಷಿಸಿದರು. ಸಿಹಿನೀರನ್ನು ಔಷಧದೊಡನೆ ಅರಿತಿದ್ದ ಇಲಿಗಳು, ಬರಿಯ ಸಿಹಿನೀರು ಕುಡಿದ ಮಾತ್ರಕ್ಕೇ ಪ್ರತಿಕಾಯಗಳನ್ನು ಕಡಮೆಯಾಗಿ ಹುಟ್ಟಿಸಿದುವು. ಈ ಫಲವು 1975ರಲ್ಲಿ ಪ್ರಕಟವಾಯಿತು.

ಇನ್ನುಳಿದ ಶಂಕೆ ಒಂದೇ: ಈ ವಾರ್ತೆಯು ಸಾಗುವ ದಾರಿ ಯಾವುದು? 1980ರ ದಶಕದಲ್ಲಿ ಡೇವಿಡ್ ಫೆಲ್ಟನ್ ಮೊದಲಾದವರು ಸೂಕ್ಷ್ಮದರ್ಶಕದಿಂದ ನೋಡಿ, ಪ್ಲೀಹದಲ್ಲಿಯೂ ದುಗ್ಧಗ್ರಂಥಿಗಳಲ್ಲಿಯೂ ನರತಂತುಗಳು ರಕ್ಷಣಾಕಣಗಳ ಮಗ್ಗುಲಿನವರೆಗೆ ಹೋಗಿರುವುದನ್ನು ತೋರಿಸಿದರು. ಮಾರ್ಗವು ಎರಡೂ ಕಡೆಯದು. ರಕ್ಷಣಾಕಣಗಳು ಕಾರ್ಯೋನ್ಮುಖವಾದಾಗ ಅಡ್ರಿನಲ್ ರಸವು ಏರುವುದನ್ನೂ, ಮಿದುಳಿನ ತಳಭಾಗವು ಚುರುಕಾಗುವುದನ್ನೂ ಹ್ಯೂಗೋ ಬೆಸೆಡೋವ್‌ಸ್ಕಿ ಎಂಬವರು 1970ರ ದಶಕದಲ್ಲಿಯೇ ಕಂಡಿದ್ದರು. ಸೈನ್ಯವು ಅರಮನೆಗೆ ಸುದ್ದಿಯನ್ನು ಮುಟ್ಟಿಸುತ್ತದೆ. ಅರಮನೆಯು ಸೈನ್ಯವನ್ನು ಹದ್ದಿನಲ್ಲಿಡುತ್ತದೆ. ಈ ನಿಗ್ರಹವು ಅವಶ್ಯಕವೂ ಹೌದು; ಮಿತಿಮೀರಿದ ಸೈನ್ಯವು ತನ್ನ ನಾಡನ್ನೇ ಸುಡುವಂತೆ, ಅತಿಯಾದ ಉರಿಯೂತವು ದೇಹವನ್ನೇ ಕೆಡಿಸುವುದು. ಮಿದುಳಿನಿಂದ ಉದರಕ್ಕಿಳಿಯುವ ವೇಗಸ್ ನರವನ್ನು ವಿದ್ಯುತ್ತಿನಿಂದ ಪ್ರೇರಿಸಿದರೆ ಇಲಿಗಳಲ್ಲಿ ಉರಿಯೂತವು ತಗ್ಗುವುದೆಂದು ಕೆವಿನ್ ಟ್ರೇಸಿ ಅವರ ತಂಡವು 2000ದಲ್ಲಿ ತೋರಿಸಿತು. ಆ ನರವನ್ನೇ ಪ್ರೇರಿಸುವ ಸಣ್ಣದೊಂದು ಯಂತ್ರವನ್ನು ಸಂಧಿವಾತದ ಕೆಲವು ರೋಗಿಗಳಿಗೆ ಅಳವಡಿಸಲು 2025ರಲ್ಲಿ ಅಮೆರಿಕದ ಸರ್ಕಾರವು ಅನುಮತಿಯನ್ನಿತ್ತಿದೆ.

ಈ ಚರಿತ್ರೆಯಿಂದ ಕೆಲವರು ತಪ್ಪಾದ ತೀರ್ಮಾನಕ್ಕೆ ಬರುತ್ತಾರೆ. ಮನಸ್ಸು ದೃಢವಾಗಿದ್ದರೆ ವ್ಯಾಧಿಯೇ ಬಾರದು, ಬಂದರೆ ಅದು ರೋಗಿಯ ಮನೋದೌರ್ಬಲ್ಯದ ಫಲ ಎನ್ನುವವರುಂಟು. ಇದು ಶಾಸ್ತ್ರಕ್ಕೂ ದಯೆಗೂ ವಿರುದ್ಧವಾದ ಮಾತು. ನರಗಳೂ ಹಾರ್ಮೋನುಗಳೂ ರೋಗನಿರೋಧಕ ಶಕ್ತಿಯನ್ನು ಹೆಚ್ಚುಕಡಮೆ ಮಾಡುವುವೇ ಹೊರತು, ಕ್ಷಯದ ರೋಗಾಣುವನ್ನು ಧೈರ್ಯವೊಂದೇ ಕೊಲ್ಲಲಾರದು. ಅದಕ್ಕೆ ಔಷಧವು ಬೇಕು.

ಯಥಾರ್ಥವಾದ ಪಾಠವನ್ನು ಅಮೆರಿಕದ ಓಹಾಯೋ ಪ್ರಾಂತದಲ್ಲಿ ನಡೆದ ಇನ್ನೊಂದು ಪರೀಕ್ಷೆಯು ಕಲಿಸುತ್ತದೆ. ಜಾನಿಸ್ ಕೀಕಾಲ್ಟ್-ಗ್ಲೇಸರ್ ಮೊದಲಾದವರು, ಬುದ್ಧಿಭ್ರಮೆಗೊಳಗಾದ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಸ್ತ್ರೀಯರ ಮುಂಗೈಯಲ್ಲಿ ಕಿರಿದಾದ ಗಾಯವನ್ನು ಮಾಡಿ, ಅದು ಮಾಯುವ ಕಾಲವನ್ನು ಎಣಿಸಿದರು. ಅದೇ ವಯಸ್ಸಿನ ಇತರ ಸ್ತ್ರೀಯರಿಗೆ ಸುಮಾರು 39 ದಿನ ಸಾಕಾಯಿತು. ಇವರಿಗೆ ಸುಮಾರು 49 ದಿನ ಬೇಕಾಯಿತು. ಇದು 1995ರಲ್ಲಿ ಪ್ರಕಟವಾದ ಸಂಗತಿ. ಆ ಹತ್ತು ದಿನಗಳ ವಿಳಂಬಕ್ಕೆ ಅವರ ಮನಸ್ಸಿನ ದೌರ್ಬಲ್ಯವು ಕಾರಣವಲ್ಲ. ಹಗಲಿರುಳು ಹೊತ್ತ ಹೊರೆಯು ಕಾರಣ. ನಮ್ಮ ಮನೆಗಳಲ್ಲಿಯೂ ಹಾಸಿಗೆ ಹಿಡಿದ ವೃದ್ಧರ ಶುಶ್ರೂಷೆಯು ಸಾಮಾನ್ಯವಾಗಿ ಸೊಸೆಯೊಬ್ಬಳ ಪಾಲಿಗೋ ಮಗಳೊಬ್ಬಳ ಪಾಲಿಗೋ ಬರುತ್ತದೆ. ರೋಗಿಯನ್ನು ನೋಡಲು ಬಂದವರು ಆಕೆಯನ್ನೂ ಕ್ಷೇಮವೇ ಎಂದು ಕೇಳಿ, ಒಂದು ರಾತ್ರಿಯ ಜಾಗರಣೆಯನ್ನು ತಾವು ವಹಿಸಿಕೊಂಡರೆ ಅದೂ ಚಿಕಿತ್ಸೆಯೇ ಆಗುವುದು.