ಹಗ್ಗ ಹಿಡಿದವನನ್ನು ಹಿಡಿದವರು ಯಾರು?

ನಿಮ್ಮಲ್ಲಿ ಕೆಲವರು ವಾರಾಂತ್ಯಕ್ಕೆ ಮಕ್ಕಳನ್ನು ಕ್ಲೈಂಬಿಂಗ್ ಜಿಮ್‌ಗೆ ಕರ್ಕೊಂಡು ಹೋಗ್ತೀರಿ. ಮಗಳು ಮೇಲೆ ಹತ್ತುತ್ತಾ ಇರ್ತಾಳೆ, ನೀವು ಕೆಳಗೆ ಹಗ್ಗ ಹಿಡಿದಿರ್ತೀರಿ. ಇದಕ್ಕೇ ಬಿಲೇ ಅನ್ನೋದು. ಅವಳು ಜಾರಿದರೆ ನೀವು ಹಿಡೀತೀರಿ, ಸರಿ. ಆದರೆ ನಿಮ್ಮನ್ನು ಹಿಡಿದಿರೋದು ಯಾರು? ನೀವೂ ನೆಲಕ್ಕೋ ಬಂಡೆಗೋ ಕಟ್ಟಿಕೊಂಡಿರಬೇಕೇ? ಈ ಪ್ರಶ್ನೆಯ ಹಿಂದೆ ದೊಡ್ಡ ಚರಿತ್ರೆಯೇ ಇದೆ.

1865ರ ಜುಲೈ 14. ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏರಿದ ಏಳು ಜನ ಒಂದೇ ಸಾಲಾಗಿ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದರು. ಒಬ್ಬ ಜಾರಿದ. ಅವನ ಜೊತೆ ಇನ್ನೂ ಮೂವರು ಹೋದರು. ನಡುವೆ ಹಗ್ಗ ತುಂಡಾಗಿದ್ದರಿಂದ ಎಡ್ವರ್ಡ್ ವಿಂಪರ್ ಸೇರಿ ಮೂವರು ಉಳಿದರು. ಒಂದೇ ಹಗ್ಗದಲ್ಲಿದ್ದ ಮಾತ್ರಕ್ಕೆ ಯಾರೂ ಸುರಕ್ಷಿತರಲ್ಲ ಅಂತ ಅವತ್ತು ಗೊತ್ತಾಯಿತು.

ಮುಂದೆ 1930ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ರಿಚರ್ಡ್ ಲೆನರ್ಡ್ ಮತ್ತು ಗೆಳೆಯರು ಊರೊಳಗಿನ ಬಂಡೆಗಳ ಮೇಲೆ ಬೇಕಂತಲೇ ಬಿದ್ದು ಅಭ್ಯಾಸ ಮಾಡಿದರು. ಹಗ್ಗವನ್ನು ಗಕ್ಕನೆ ನಿಲ್ಲಿಸದೆ, ಸೊಂಟದ ಸುತ್ತ ಸ್ವಲ್ಪ ಜಾರಲು ಬಿಟ್ಟು ಹಿಡಿದರೆ ಹೊಡೆತ ಕಡಿಮೆಯಾಗುತ್ತೆ ಅನ್ನೋದು ಅವರು ಕಲಿತ ಪಾಠ.

ಇನ್ನು 1953ರ ಆಗಸ್ಟ್ 10, ಕೆ2 ಪರ್ವತ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ನಡೆಯಲಾರದ ಆರ್ಟ್ ಗಿಲ್ಕಿಯನ್ನು ಅಮೆರಿಕದ ತಂಡ ಬಿರುಗಾಳಿಯಲ್ಲಿ ಕೆಳಗಿಳಿಸುತ್ತಿತ್ತು. ಜಾರ್ಜ್ ಬೆಲ್ ಜಾರಿದರು. ಹಗ್ಗಗಳು ಸಿಕ್ಕಿಹಾಕಿಕೊಂಡು ಒಬ್ಬರ ಹಿಂದೆ ಒಬ್ಬರು, ಒಟ್ಟು ಐದು ಜನ ಕೆಳಕ್ಕೆ ಹೋದರು. ಮೇಲೆ ಗಿಲ್ಕಿಯ ಹಗ್ಗ ಹಿಡಿದಿದ್ದವರು 26 ವರ್ಷದ ಪೀಟ್ ಶೋನಿಂಗ್. ಅವರು ಮೊದಲೇ ತಮ್ಮ ಐಸ್ ಆಕ್ಸ್ ಅನ್ನು ಮಂಜಿನಲ್ಲಿ ಹೂತಿದ್ದ ಬಂಡೆಯ ಹಿಂದೆ ಗಟ್ಟಿಯಾಗಿ ನಾಟಿ, ಅದರ ಸುತ್ತ ಹಗ್ಗ ಹಾಕಿದ್ದರು. ಎಳೆತ ಬಂತು, ಆಕ್ಸ್ ಅಲುಗಲಿಲ್ಲ. ಗಿಲ್ಕಿಯೂ ಸೇರಿ ಆರು ಜನರ ಭಾರ ಅದರ ಮೇಲೆ ನಿಂತಿತು. ಅದೇ ದಿನ ಸ್ವಲ್ಪ ಹೊತ್ತಿನ ನಂತರ ಗಿಲ್ಕಿ ಮಾತ್ರ ಹಿಮದ ಇಳಿಜಾರಿನಿಂದ ಕಾಣೆಯಾದರು. ಉಳಿದವರೆಲ್ಲ ಮನೆಗೆ ಮರಳಿದರು. ಆ ಆಕ್ಸ್ ಈಗ ಕೊಲರಾಡೊದ ಗೋಲ್ಡನ್ ಊರಿನ ಪರ್ವತಾರೋಹಣ ಮ್ಯೂಸಿಯಂನಲ್ಲಿದೆ.

ಹಾಗಾದರೆ ಯಾವಾಗಲೂ ಕಟ್ಟಿಕೊಳ್ಳಬೇಕಾ? ಇಲ್ಲ. ಸಮತಟ್ಟಾದ ನೆಲದಲ್ಲಿ, ಇಬ್ಬರ ತೂಕವೂ ಹೆಚ್ಚುಕಮ್ಮಿ ಒಂದೇ ಇದ್ದರೆ, ಕಟ್ಟಿಕೊಳ್ಳದಿರೋದೇ ಎಷ್ಟೋ ಸಲ ಒಳ್ಳೇದು. ಬಿದ್ದಾಗ ನೀವು ಸ್ವಲ್ಪ ಮೇಲಕ್ಕೆ ಎಳೆಸಿಕೊಂಡರೆ ಹೊಡೆತ ಮೆದುವಾಗುತ್ತೆ, ಅಂದರೆ ಬರ್ಕ್ಲಿಯವರ ಪಾಠವೇ. ಮೇಲಿಂದ ಕಲ್ಲು ಬಿದ್ದರೆ ಪಕ್ಕಕ್ಕೂ ಸರೀಬಹುದು. ಆದರೆ ಹತ್ತುವವರು ನಿಮಗಿಂತ ತುಂಬಾ ಭಾರ ಇದ್ದರೆ, ಅಥವಾ ನೀವು ನಿಂತಿರೋದು ಪ್ರಪಾತದ ಅಂಚಿನಲ್ಲಿ ಇಲ್ಲವೇ ಬಂಡೆಯ ಅರ್ಧದಲ್ಲಿ ಆದರೆ, ಕಟ್ಟಿಕೊಳ್ಳಲೇಬೇಕು. ಕಟ್ಟುವಾಗ ಆಸರೆ, ನೀವು, ಹತ್ತುವವರು ಮೂರೂ ಒಂದೇ ನೇರದಲ್ಲಿರಬೇಕು. ನಡುವೆ ಸಡಿಲ ಇರಬಾರದು.

ಮುಂದಿನ ಸಲ ಹಗ್ಗ ಹಿಡಿಯೋ ಮುಂಚೆ ಒಂದು ಕ್ಷಣ ಯೋಚಿಸಿ: ಈಗ ಜೋರಾಗಿ ಎಳೆದರೆ ನಾನು ಎಲ್ಲಿಗೆ ಹೋಗಿ ಬೀಳ್ತೀನಿ? ಉತ್ತರ ಹೆದರಿಸಿದರೆ, ಮೊದಲು ನಿಮ್ಮನ್ನು ಕಟ್ಟಿಕೊಳ್ಳಿ.